ಬೋಟಿ ಕರಗುತ್ತದೆ, ಹೊಟ್ಟೆ ಯಾಕೆ ಕರಗುವುದಿಲ್ಲ?

ಭಾನುವಾರ ಮಧ್ಯಾಹ್ನ ಬೋಟಿ ಗೊಜ್ಜು, ಮುದ್ದೆ ಉಂಡು ಅಡ್ಡಾದವರಿಗೆ ಈ ಪ್ರಶ್ನೆ ಹೊಳೆದಿರಲಿಕ್ಕಿಲ್ಲ. ಬೋಟಿ ಅಂದರೆ ಕುರಿಯದೋ ಮೇಕೆಯದೋ ಹೊಟ್ಟೆ, ಕರುಳು. ಕುಕ್ಕರ್ ಏಳೆಂಟು ಸಲ ಕೂಗಿದರೂ ಅದು ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ. ಅಂಥದ್ದನ್ನು ನಮ್ಮ ಹೊಟ್ಟೆ ಕೆಲವೇ ಗಂಟೆಗಳಲ್ಲಿ ಗಂಜಿಯಂತೆ ಮಾಡಿ ಮುಂದಕ್ಕೆ ದಾಟಿಸುತ್ತದೆ. ಆದರೆ ನಮ್ಮ ಹೊಟ್ಟೆಯೂ ಮಾಂಸವೇ ಅಲ್ವಾ? ಮೇಕೆಯ ಹೊಟ್ಟೆಯನ್ನು ಕರಗಿಸುವ ರಸ ನಮ್ಮ ಹೊಟ್ಟೆಯನ್ನು ಯಾಕೆ ಬಿಡುತ್ತದೆ?

ಲಂಡನ್ನಿನ ಸರ್ಜನ್ ಜಾನ್ ಹಂಟರ್ 1772ರಲ್ಲಿ ಇದನ್ನೇ ಕೇಳಿದ್ದ. ಹಠಾತ್ತಾಗಿ ಸತ್ತವರ ಶವಗಳನ್ನು ಕೊಯ್ದು ನೋಡಿದಾಗ ಕೆಲವರ ಹೊಟ್ಟೆಯ ಗೋಡೆಯೇ ಕರಗಿ ತೂತಾಗಿದ್ದನ್ನು ಅವನು ಕಂಡಿದ್ದ. ಅಂದರೆ ರಸಕ್ಕೆ ಆ ಗೋಡೆಯನ್ನು ಕರಗಿಸುವ ಶಕ್ತಿ ಇದೆ. ಬದುಕಿರುವಷ್ಟು ದಿನ ಏನೋ ಒಂದು ಅದನ್ನು ತಡೆಯುತ್ತಿರುತ್ತದೆ. ಅದು ಜೀವಶಕ್ತಿ ಎಂದು ಹಂಟರ್ ಹೇಳಿ ಮುಗಿಸಿದ. ಆ ಕಾಲಕ್ಕೆ ಅದಕ್ಕಿಂತ ಹೆಚ್ಚು ಹೇಳುವುದು ಕಷ್ಟವಿತ್ತು.

ನಾನು ಇದರ ಬೆನ್ನು ಹತ್ತಿದ್ದು ಸೋದರತ್ತೆಯ ಎಂಡೋಸ್ಕೋಪಿ ರಿಪೋರ್ಟಿನಿಂದ. ಚಿಕೂನ್‌ಗುನ್ಯ ಬಂದು ಹೋದರೂ ಅವರ ಮಂಡಿ ನೋವು ಹೋಗಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಸುಸ್ತು ಶುರುವಾಯಿತು. ಮುಖ ಬಿಳಿಚಿಕೊಂಡಿತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತೀರಾ ಕಡಿಮೆ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದರೆ ಅಲ್ಲಲ್ಲಿ ಕೆಂಪು, ತರಚಿದಂಥ ಗಾಯ, ಒಂದೆರಡು ಕಡೆ ರಕ್ತ ಜಿನುಗಿದ ಗುರುತು. ಹೊಟ್ಟೆ ನೋವು? ಒಂದು ದಿನವೂ ಇರಲಿಲ್ಲ.

ರಿಪೋರ್ಟ್ ಮನೆಗೆ ಬಂದ ದಿನವೇ ತೀರ್ಪೂ ಆಗಿಹೋಯಿತು. ಖಾರ ಜಾಸ್ತಿ ತಿಂದಿದ್ದಕ್ಕೇ ಹೀಗಾಗಿದ್ದು ಅಂತ. ಚಟ್ನಿಪುಡಿ ಡಬ್ಬಿ ಅಟ್ಟಕ್ಕೇರಿತು. ಡಾಕ್ಟರು ಮಾತ್ರ ಖಾರದ ವಿಷಯ ಎತ್ತಲೇ ಇಲ್ಲ. "ಮಂಡಿಗೆ ಏನು ತಗೊಳ್ತಿದ್ದೀರಮ್ಮಾ?" ಎಂದಷ್ಟೇ ಕೇಳಿದರು.

ಆ ಪ್ರಶ್ನೆ ಯಾಕೆ ಸರಿ ಎಂದು ತಿಳಿಯಬೇಕಾದರೆ ಹೊಟ್ಟೆಯ ಒಳಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು ಹೆಸರುಗಳ ಗೊಂದಲ

ನಮ್ಮಲ್ಲಿ 'ಗ್ಯಾಸ್ಟ್ರಿಕ್' ಅನ್ನುವುದು ಎಲ್ಲದಕ್ಕೂ ಹೊಂದುವ ಪದ. ತೇಗು ಬಂದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಆ ಪದಕ್ಕೆ ನಿಜವಾಗಿ ಇರುವ ಅರ್ಥ 'ಜಠರಕ್ಕೆ ಸೇರಿದ್ದು' ಅಂತ ಮಾತ್ರ. ಅದು ಕಾಯಿಲೆಯ ಹೆಸರೇ ಅಲ್ಲ.

ಹೊಟ್ಟೆ ಅಂದರೆ ನಾವು ಪಕ್ಕೆಲುಬಿನ ಕೆಳಗಿನದನ್ನೆಲ್ಲ ಸೇರಿಸಿಕೊಳ್ಳುತ್ತೇವೆ. ಈ ಬರಹದಲ್ಲಿ ಹೊಟ್ಟೆ ಎಂದರೆ ಜಠರ ಮಾತ್ರ, ಅನ್ನನಾಳ ಮುಗಿದ ಮೇಲೆ ಸಿಗುವ ಚೀಲ. ಅದರ ಒಳಪದರ ಕೆರಳಿ ಕೆಂಪಾಗಿ ಊದಿದರೆ ಗ್ಯಾಸ್ಟ್ರೈಟಿಸ್. ಮೇಲ್ಮೈ ತರಚಿದರೆ ಇರೋಷನ್, ಸೈಕಲ್‌ನಿಂದ ಬಿದ್ದಾಗ ಮೊಣಕಾಲು ತರಚಿದ ಹಾಗೆ. ಆ ಗಾಯ ಒಳಪದರವನ್ನು ದಾಟಿ ಆಳಕ್ಕೆ ಇಳಿದು ಕುಳಿಯಾದರೆ ಅಲ್ಸರ್, ಅಂದರೆ ಹುಣ್ಣು. ಹೊಟ್ಟೆಯ ಆಮ್ಲ ಮೇಲಕ್ಕೆ ಉಕ್ಕಿ ಅನ್ನನಾಳ ಸುಟ್ಟಂತಾದರೆ ಅದು ಆಸಿಡ್ ರಿಫ್ಲಕ್ಸ್. ಎದೆಯುರಿ ಎನ್ನುವುದು ಬಹುಪಾಲು ಇದೇ. ಅದರ ಕಥೆ ಬೇರೆ, ಇಲ್ಲಿ ಬೇಡ.

ಎಷ್ಟು ಹುಳಿ?

ಹೊಟ್ಟೆಯ ಆಮ್ಲ ಹೈಡ್ರೊಕ್ಲೋರಿಕ್ ಆಸಿಡ್. ಹುಳಿಯನ್ನು ಅಳೆಯಲು ಪಿಎಚ್ ಎಂಬ ಮಾಪನ ಇದೆ. ಶುದ್ಧ ನೀರು 7. ಅಲ್ಲಿಂದ ಕೆಳಕ್ಕೆ ಒಂದೊಂದು ಮೆಟ್ಟಿಲು ಇಳಿದ ಹಾಗೂ ಹುಳಿ ಹತ್ತು ಪಟ್ಟು ಏರುತ್ತದೆ. ನಿಂಬೆರಸ 2ರ ಆಸುಪಾಸು. ಖಾಲಿ ಹೊಟ್ಟೆಯ ರಸ 1.5ರಿಂದ 2. ನಮ್ಮ ರಕ್ತ 7.4. ಆಮ್ಲ ತಯಾರಿಸುವ ಜೀವಕೋಶಗಳ ಒಂದು ಬದಿಯಲ್ಲಿ ರಕ್ತ, ಇನ್ನೊಂದು ಬದಿಯಲ್ಲಿ ಈ ರಸ. ಎರಡರ ನಡುವೆ ಸುಮಾರು ಆರು ಮೆಟ್ಟಿಲಿನ ವ್ಯತ್ಯಾಸ, ಅಂದರೆ ಹತ್ತಿರ ಹತ್ತಿರ ಹತ್ತು ಲಕ್ಷ ಪಟ್ಟು.

ಇಷ್ಟು ಹುಳಿ ಯಾಕೆ ಬೇಕು? ಊಟದ ಜೊತೆ ಬಂದ ಕ್ರಿಮಿಗಳನ್ನು ಕೊಲ್ಲಲು, ಮಾಂಸ ಬೇಳೆಗಳ ಪ್ರೋಟೀನಿನ ಗಂಟು ಸಡಿಲಿಸಲು, ಪೆಪ್ಸಿನ್ ಎಂಬ ಕತ್ತರಿಯನ್ನು ಕೆಲಸಕ್ಕೆ ಹಚ್ಚಲು. ಪೆಪ್ಸಿನ್ ಪ್ರೋಟೀನನ್ನು ತುಂಡು ತುಂಡು ಮಾಡುತ್ತದೆ. ಹುಳಿ ಇಲ್ಲದಿದ್ದರೆ ಅದು ಸುಮ್ನೆ ಬಿದ್ದಿರುತ್ತದೆ. ಇಂಥ ರಸ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ತಯಾರಾಗುತ್ತದೆ. ಹಾಗಾಗಿ ಆಮ್ಲ ಇರುವುದು ಕಾಯಿಲೆಯಲ್ಲ. ಅದು ಹೊಟ್ಟೆಯ ದಿನದ ಕೆಲಸ.

ಗೋಡೆಗೆ ಕಟ್ಟಿದ ಸೋಗೆ

ಮಲೆನಾಡಿನಲ್ಲಿ ಹಿಂದೆ ಮಣ್ಣಿನ ಗೋಡೆಯ ಮನೆಗಳಿದ್ದವು. ಜೂನ್ ಹತ್ತಿರ ಬಂತೆಂದರೆ ಇರಚಲು ಹೊಡೆಯುವ ಕಡೆಯ ಗೋಡೆಗೆಲ್ಲ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನಾಲ್ಕು ತಿಂಗಳು ಮಳೆ ಹೊಯ್ದರೂ ಒಳಗಿನ ಮಣ್ಣು ಕರಗುತ್ತಿರಲಿಲ್ಲ. ತಟ್ಟಿ ಹರಿದರೆ ಯಾರೋ ಒಬ್ಬರು ಗೊರಬು ಹೊದ್ದು ಹೋಗಿ ಹೊಸ ಸೋಗೆ ಸಿಕ್ಕಿಸಿ ಬರುತ್ತಿದ್ದರು. ಹೊಟ್ಟೆಯೊಳಗಿನ ವ್ಯವಸ್ಥೆ ಹೆಚ್ಚುಕಮ್ಮಿ ಹೀಗೆಯೇ ಇದೆ.

ಎಲ್ಲಕ್ಕಿಂತ ಹೊರಗೆ ಲೋಳೆ. ಬೆಂಡೆಕಾಯಿ ಹೆಚ್ಚಿದಾಗ ಕೈಗೆ ಅಂಟುತ್ತದಲ್ಲ, ಅಂಥದ್ದೇ, ಆದರೆ ಇನ್ನೂ ಗಟ್ಟಿ. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ನೀರೇ. ಇಷ್ಟು ತೆಳ್ಳಗಿನ ಲೋಳೆ ಅಂಥ ಆಮ್ಲವನ್ನು ತಡೆಯುವುದು ಹೇಗೆ? ಗುಟ್ಟು ಅದರೊಳಗೆ ನೆನೆದಿರುವ ಬೈಕಾರ್ಬೊನೇಟ್‌ನಲ್ಲಿದೆ. ನಮ್ಮ ಅಡುಗೆ ಸೋಡದಲ್ಲಿರುವುದೂ ಇದೇ. ಗೋಡೆಯ ಜೀವಕೋಶಗಳು ಇದನ್ನು ಲೋಳೆಯೊಳಗೆ ಒಸರುತ್ತಲೇ ಇರುತ್ತವೆ. ಮೇಲಿನಿಂದ ಇಳಿಯುವ ಆಮ್ಲ ಲೋಳೆಯಲ್ಲಿ ನಿಧಾನಕ್ಕೆ ಜಿನುಗಬೇಕು. ಜಿನುಗುವಾಗ ದಾರಿಯಲ್ಲೇ ಸೋಡ ಸಿಕ್ಕಿ ಅದರ ಹುಳಿ ಸಾಯುತ್ತದೆ. ಹೀಗಾಗಿ ಲೋಳೆಯ ಮೇಲ್ಭಾಗದಲ್ಲಿ ಪಿಎಚ್ 2 ಇದ್ದರೆ ಅದರ ತಳದಲ್ಲಿ ಸುಮಾರು 7. ಪೆಪ್ಸಿನ್ ಕೂಡ ಈ ಅಂಟನ್ನು ದಾಟಿ ಸುಲಭಕ್ಕೆ ಕೆಳಗಿಳಿಯಲಾರದು.

ಲೋಳೆಯ ಕೆಳಗೆ ಜೀವಕೋಶಗಳ ಸಾಲು, ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗೆ. ಅವುಗಳ ಮೇಲ್ಮೈಯಲ್ಲಿ ಕೊಬ್ಬಿನಂಥ ಒಂದು ಲೇಪ ಇದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಜಾರುತ್ತದಲ್ಲ, ಹಾಗೆ ನೀರಿನಂಥ ಆಮ್ಲ ಇಲ್ಲಿ ಅಂಟುವುದಿಲ್ಲ.

ಅದರ ಹಿಂದೆ ರಕ್ತದ ಹರಿವು. ಅಲ್ಪಸ್ವಲ್ಪ ಆಮ್ಲ ನುಸುಳಿದರೂ ರಕ್ತ ಅದನ್ನು ತೊಳೆದುಕೊಂಡು ಹೋಗುತ್ತದೆ. ಜೀವಕೋಶಗಳಿಗೆ ಆಮ್ಲಜನಕವನ್ನೂ ಬೈಕಾರ್ಬೊನೇಟನ್ನೂ ತಂದು ಕೊಡುತ್ತದೆ.

ಇಷ್ಟಾದರೂ ಗೋಡೆ ಸವೆಯುತ್ತದೆ. ಆದ್ದರಿಂದ ಮೇಲ್ಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಕಳೆದ ವಾರ ನಿಮ್ಮ ಹೊಟ್ಟೆಗೆ ಇದ್ದ ಮೇಲ್ಪದರದ ಬಹುಪಾಲು ಇವತ್ತಿಲ್ಲ. ಸಣ್ಣ ತರಚು ಗಾಯವಾದರೆ ಹೊಸ ಕೋಶ ಹುಟ್ಟುವವರೆಗೂ ಕಾಯುವುದಿಲ್ಲ. ಅಕ್ಕಪಕ್ಕದವೇ ಚಪ್ಪಟೆಯಾಗಿ ಜಾರಿ ಬಂದು ಗಂಟೆಯೊಳಗೇ ಜಾಗ ಮುಚ್ಚಲು ತೊಡಗುತ್ತವೆ. ನನಗಂತೂ ಈ ಇಡೀ ವಿಷಯದಲ್ಲಿ ಹೆಚ್ಚು ಬೆರಗು ಹುಟ್ಟಿಸಿದ ಸಂಗತಿ ಇದು.

ಇವೆಲ್ಲಕ್ಕೂ ಒಬ್ಬ ಮೇಸ್ತ್ರಿ ಬೇಕಲ್ಲ. ಲೋಳೆ ಒಸರಿಸು, ಸೋಡ ಬಿಡು, ರಕ್ತದ ಹರಿವು ಹೆಚ್ಚಿಸು, ಆಮ್ಲ ಸ್ವಲ್ಪ ತಗ್ಗಿಸು ಎಂದು ಹೇಳುವ ರಾಸಾಯನಿಕಗಳ ಗುಂಪಿನ ಹೆಸರು ಪ್ರೊಸ್ಟಾಗ್ಲಾಂಡಿನ್. ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ ಎಂದುಕೊಂಡು 1930ರ ದಶಕದಲ್ಲಿ ಇಟ್ಟ ಹೆಸರು. ತಪ್ಪು ಊಹೆ, ಹೆಸರು ಮಾತ್ರ ಉಳಿಯಿತು. ದೇಹದ ತುಂಬೆಲ್ಲ ಇದು ತಯಾರಾಗುತ್ತದೆ. ಮೇಸ್ತ್ರಿಯ ಹೆಸರು ನೆನಪಿರಲಿ, ಮುಂದಿನದೆಲ್ಲ ಅವನ ಸುತ್ತಲೇ.

ಮಂಡಿಗೆ ನುಂಗಿದ್ದು ಹೊಟ್ಟೆಗೆ ತಾಗುವ ಬಗೆ

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್. ಮೆಡಿಕಲ್ ಶಾಪಿನಲ್ಲಿ "ನೋವಿಗೆ ಒಂದು ಕೊಡಿ" ಎಂದರೆ ಕೈಗೆ ಬರುವುದು ಬಹಳ ಸಲ ಈ ಗುಂಪಿನದೇ. ಇವು ಗೋಡೆಗೆ ಎರಡು ದಾರಿಯಿಂದ ಏಟು ಕೊಡುತ್ತವೆ.

ಮೊದಲನೆಯದು ನೇರ ಏಟು. ಬಾಯಿ ಸಣ್ಣದಿರುವ ಒಂದು ಬಾಟಲಿ ತೆಗೆದುಕೊಳ್ಳಿ. ಒಣ ಕಡಲೆಕಾಳು ಅದರೊಳಗೆ ಸುಲಭವಾಗಿ ಬೀಳುತ್ತದೆ. ಒಳಗೆ ನೀರಿದ್ದರೆ ನೆನೆದು ಉಬ್ಬುತ್ತದೆ. ಆಮೇಲೆ ಬಾಟಲಿ ಬೋರಲು ಹಾಕಿದರೂ ಹೊರಬರುವುದಿಲ್ಲ. ಆಸ್ಪಿರಿನ್ ಹೀಗೆಯೇ ಮಾಡುತ್ತದೆ. ಹೊಟ್ಟೆಯ ಹುಳಿಯಲ್ಲಿ ಇರುವಾಗ ಅದರ ಅಣುವಿಗೆ ವಿದ್ಯುದಂಶ ಇರುವುದಿಲ್ಲ. ಹಾಗಾಗಿ ಜೀವಕೋಶದ ಕೊಬ್ಬಿನ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಕೋಶದ ಒಳಗೆ ಹುಳಿ ಇಲ್ಲ. ಅಲ್ಲಿ ಅಣುವಿಗೆ ವಿದ್ಯುದಂಶ ಬಂದು, ಪೊರೆಯನ್ನು ವಾಪಸು ದಾಟಲಾಗದೆ ಸಿಕ್ಕಿಬೀಳುತ್ತದೆ. ಒಂದರ ಮೇಲೊಂದು ಸೇರಿ ಒಳಗೇ ರಾಶಿಯಾಗಿ ಕೋಶವನ್ನು ಕೆಡಿಸುತ್ತದೆ. ಮೇಲಿನ ಕೊಬ್ಬಿನ ಲೇಪವೂ ಹಾಳಾಗುತ್ತದೆ. ಕೆಸುವಿನ ಎಲೆಗೆ ಸೋಪಿನ ನೀರು ಹಾಕಿ ತಿಕ್ಕಿದ ಹಾಗೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಹೊರೇಸ್ ಡೇವನ್‌ಪೋರ್ಟ್ 1964ರಲ್ಲಿ ಇದನ್ನು ನಾಯಿಗಳ ಹೊಟ್ಟೆಯಲ್ಲಿ ಅಳೆದು ತೋರಿಸಿದರು. ಆರೋಗ್ಯವಾಗಿರುವ ಹೊಟ್ಟೆಗೆ ಆಮ್ಲ ಸುರಿದರೆ ಅದು ಬಹುಪಾಲು ಅಲ್ಲೇ ಉಳಿಯಿತು. ಆಮ್ಲದ ಜೊತೆ ಆಸ್ಪಿರಿನ್ ಸೇರಿಸಿದಾಗ ಆಮ್ಲ ಗೋಡೆಯೊಳಗೆ ಇಂಗತೊಡಗಿತು, ಗೋಡೆಯ ಸೋಡಿಯಂ ಹೊರಕ್ಕೆ ಸೋರಿತು, ರಕ್ತವೂ ಒಸರಿತು. ಆಮ್ಲ ಹೆಚ್ಚಾಗಿರಲಿಲ್ಲ, ಅದು ಹಿಂದಕ್ಕೆ ಇಂಗುತ್ತಿತ್ತು. ನಾವು "ಆಸಿಡಿಟಿ ಜಾಸ್ತಿಯಾಗಿದೆ" ಅನ್ನುವಾಗ ಮಳೆಯ ಮೇಲೆ ತಪ್ಪು ಹೊರಿಸುತ್ತೇವೆ. ಎಷ್ಟೋ ಸಲ ಹೊಯ್ದಿರುವುದು ಎಂದಿನ ಮಳೆಯೇ, ಹರಿದಿರುವುದು ಸೋಗೆ.

ಎರಡನೆಯ ಏಟು ಇದಕ್ಕಿಂತ ದೊಡ್ಡದು, ಮತ್ತು ಕಣ್ಣಿಗೆ ಬೀಳದ್ದು. ನೋವಿನ ಮಾತ್ರೆ ನೋವನ್ನು ಹೇಗೆ ಇಳಿಸುತ್ತದೆ? ಊದಿದ ಮಂಡಿಯಲ್ಲಿ ನೋವು, ಬಾವು ಹೆಚ್ಚಿಸುವುದೂ ಪ್ರೊಸ್ಟಾಗ್ಲಾಂಡಿನ್ ಗುಂಪೇ. ಹೊಟ್ಟೆಯಲ್ಲಿ ಮೇಸ್ತ್ರಿ, ಮಂಡಿಯಲ್ಲಿ ಗಲಾಟೆಗಾರ. ಆಸ್ಪಿರಿನ್ ಜಾತಿಯ ಮಾತ್ರೆಗಳು ಈ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ನಿಲ್ಲಿಸುತ್ತವೆ ಎಂದು ಲಂಡನ್ನಿನಲ್ಲಿ ಜಾನ್ ವೇನ್ 1971ರಲ್ಲಿ ಕಂಡುಹಿಡಿದರು. 1982ರಲ್ಲಿ ಅವರಿಗೆ, ಜೊತೆಗೆ ಸ್ವೀಡನ್ನಿನ ಸುನೆ ಬೆರ್ಗ್‌ಸ್ಟ್ರೋಮ್, ಬೆಂಗ್ಟ್ ಸ್ಯಾಮುಯೆಲ್ಸನ್ ಅವರಿಗೆ ನೊಬೆಲ್ ಬಂತು. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಏನು ಮಾಡುತ್ತದೆ ಎಂದು ಸರಿಯಾಗಿ ಗೊತ್ತಿಲ್ಲದೆಯೇ ಜಗತ್ತು ಎಪ್ಪತ್ತು ವರ್ಷ ಅದನ್ನು ನುಂಗಿತ್ತು.

ಮಾತ್ರೆ ರಕ್ತದಲ್ಲಿ ಸೇರಿ ಮಂಡಿಗೂ ಹೋಗುತ್ತದೆ, ಹೊಟ್ಟೆಯ ಗೋಡೆಗೂ ಹೋಗುತ್ತದೆ. ಎರಡೂ ಕಡೆ ಪ್ರೊಸ್ಟಾಗ್ಲಾಂಡಿನ್ ನಿಲ್ಲುತ್ತದೆ. ಮಂಡಿ ಹಗುರವಾಗುತ್ತದೆ. ಹೊಟ್ಟೆಯಲ್ಲಿ ಲೋಳೆ ತೆಳುವಾಗುತ್ತದೆ, ಸೋಡ ಕಡಿಮೆಯಾಗುತ್ತದೆ, ರಕ್ತದ ಹರಿವು ಇಳಿಯುತ್ತದೆ. ಸೋಗೆ ಹರಿದದ್ದಷ್ಟೇ ಅಲ್ಲ, ಹೊಸ ಸೋಗೆ ಸಿಕ್ಕಿಸಲು ಹೇಳುವವನೇ ಇಲ್ಲ.

ಮನೆಗಳಲ್ಲಿ ಕೇಳಿಬರುವ ಮೂರು ನಂಬಿಕೆಗಳಿಗೆ ಇಲ್ಲೇ ಉತ್ತರ ಸಿಗುತ್ತದೆ. ಊಟ ಆದ ಮೇಲೆ ತಗೊಂಡರೆ ಏನೂ ಆಗಲ್ಲ ಅನ್ನುತ್ತಾರೆ. ಊಟದ ನಂತರ ತೆಗೆದುಕೊಂಡರೆ ಉರಿ, ವಾಕರಿಕೆ ಕಡಿಮೆಯಾಗಬಹುದು, ಆದರೆ ರಕ್ತದ ಮೂಲಕ ಬರುವ ಏಟು ಹಾಗೇ ಇರುತ್ತದೆ. ಇಂಜೆಕ್ಷನ್ ಹೊಟ್ಟೆಗೆ ಹೋಗಲ್ಲವಲ್ಲ ಅನ್ನುತ್ತಾರೆ. ರಕ್ತಕ್ಕೆ ಹೋಗುತ್ತದೆ, ಅಷ್ಟು ಸಾಕು. ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪದ ಆಸ್ಪಿರಿನ್ ಸುರಕ್ಷಿತ ಅನ್ನುತ್ತಾರೆ. ಅದು ಕಡಲೆಕಾಳಿನ ಏಟನ್ನು ತಪ್ಪಿಸುತ್ತದೆ, ಮೇಸ್ತ್ರಿಯನ್ನು ಉಳಿಸುವುದಿಲ್ಲ.

ಆಸ್ಪಿರಿನ್‌ಗೆ ಇನ್ನೊಂದು ಗುಣ ಇದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಅವು ಬದುಕಿರುವ ಒಂದು ವಾರ ಹತ್ತು ದಿನವೂ ಅಂಟದ ಹಾಗೆ ಮಾಡುತ್ತದೆ. ಹೃದಯಕ್ಕೆ 75 ಮಿಲಿಗ್ರಾಂ ಆಸ್ಪಿರಿನ್ ಕೊಡುವುದು ಇದೇ ಗುಣಕ್ಕಾಗಿ. ಹೊಟ್ಟೆಯಲ್ಲಿ ಗಾಯ ಇದ್ದಾಗ ಮಾತ್ರ ಇದೇ ಗುಣದಿಂದ ರಕ್ತ ಸೋರುವುದು ಬೇಗ ನಿಲ್ಲುವುದಿಲ್ಲ. ಹಾಗೆಂದು ಹೃದಯಕ್ಕೆ ಬರೆದುಕೊಟ್ಟ ಆಸ್ಪಿರಿನ್ ಅನ್ನು ನೀವೇ ನಿಲ್ಲಿಸಬೇಡಿ. ಅದನ್ನು ನಿಲ್ಲಿಸುವುದರ ಅಪಾಯ ಬೇರೆಯೇ ಇದೆ, ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರುವುದಿಲ್ಲ. ಹೊಟ್ಟೆಯ ಮೇಸ್ತ್ರಿಯ ತಂಟೆಗೆ ಅದು ಅಷ್ಟಾಗಿ ಹೋಗುವುದಿಲ್ಲ. ಅಳತೆ ಮೀರಿದರೆ ಅದರ ಅಪಾಯ ಲಿವರ್‌ಗೆ.

ಹೊಟ್ಟೆಗೆ ಕಿಟಕಿ ಇದ್ದ ಮನುಷ್ಯ

1822ರ ಜೂನ್ 6. ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಹತ್ತಿರದಿಂದಲೇ ಬಂದೂಕಿನ ಗುಂಡು ತಗುಲಿತು. ತುಪ್ಪಳದ ವ್ಯಾಪಾರದಲ್ಲಿ ದುಡಿಯುತ್ತಿದ್ದ ಕೆನಡಾದವನು. ಸೇನೆಯ ಡಾಕ್ಟರ್ ವಿಲಿಯಂ ಬೋಮಾಂಟ್ ಆರೈಕೆ ಮಾಡಿದರು. ಮನುಷ್ಯ ಬದುಕಿದ, ಆದರೆ ಹೊಟ್ಟೆಯಿಂದ ಚರ್ಮದವರೆಗೆ ಒಂದು ತೂತು ಮುಚ್ಚದೆ ಉಳಿದುಬಿಟ್ಟಿತು. ಬೋಮಾಂಟ್ ಆ ತೂತಿನಿಂದ ವರ್ಷಗಟ್ಟಲೆ ಇಣುಕಿದರು. ದಾರಕ್ಕೆ ಮಾಂಸದ ತುಂಡು ಕಟ್ಟಿ ಇಳಿಬಿಟ್ಟು ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡಿದರು. ಪ್ರಯೋಗಗಳನ್ನೆಲ್ಲ 1833ರಲ್ಲಿ ಪುಸ್ತಕ ಮಾಡಿದರು. ಸೇಂಟ್ ಮಾರ್ಟಿನ್‌ಗೆ ಇದು ಎಷ್ಟು ಇಷ್ಟವಿತ್ತು ಎನ್ನುವುದು ಬೇರೆ ಮಾತು, ಅವನು ಒಂದಕ್ಕಿಂತ ಹೆಚ್ಚು ಸಲ ಬಿಟ್ಟು ಹೋಗಿದ್ದ.

ನಮಗೆ ಬೇಕಾದದ್ದು ಅವನು ಕುಡಿದ ದಿನಗಳ ಟಿಪ್ಪಣಿ. ಕೆಲವು ದಿನ ಸತತವಾಗಿ ಕುಡಿದ ಮೇಲೆ ಒಳಗೋಡೆಯಲ್ಲಿ ಕೆಂಪು ಮಚ್ಚೆಗಳು, ಸಣ್ಣ ಹುಣ್ಣಿನಂಥವು, ಅಂಟಂಟಾದ ಲೋಳೆ ಕಾಣಿಸಿದ್ದವು. ಅದೇ ಹೊತ್ತಿನಲ್ಲಿ ಸೇಂಟ್ ಮಾರ್ಟಿನ್‌ಗೆ ನೋವಿನ ದೂರು ಇರಲಿಲ್ಲ. ಗೋಡೆ ಕೆಟ್ಟಿರುವುದು ಕಣ್ಣಿಗೆ ಕಾಣುತ್ತಿತ್ತು, ಹೊಟ್ಟೆಯ ಒಡೆಯನಿಗೆ ಗೊತ್ತಾಗುತ್ತಿರಲಿಲ್ಲ. ಸುಮಾರು ಇನ್ನೂರು ವರ್ಷ ಕಳೆದ ಮೇಲೆ ನಮ್ಮ ಸೋದರತ್ತೆಯದೂ ಅದೇ ಕಥೆ, ಕಾರಣ ಮಾತ್ರ ಬೇರೆ. ನೋವಿನ ಮಾತ್ರೆಯಿಂದ ಆಗುವ ಹುಣ್ಣು, ಅದರಲ್ಲೂ ವಯಸ್ಸಾದವರಲ್ಲಿ, ಎಷ್ಟೋ ಸಲ ಮುನ್ಸೂಚನೆಯನ್ನೇ ಕೊಡುವುದಿಲ್ಲ. ನೋವನ್ನು ಅಡಗಿಸುವ ಔಷಧಿಯೇ ಗಾಯ ಮಾಡಿದರೆ ಗಾಯದ ನೋವೂ ಅಡಗಬಹುದಲ್ಲ.

ಮದ್ಯ ಗೋಡೆಯನ್ನು ಕೆಡಿಸುವ ರೀತಿ ಸರಳ. ಅದು ನೀರಿನಲ್ಲೂ ಬೆರೆಯುತ್ತದೆ, ಕೊಬ್ಬಿನಲ್ಲೂ ಬೆರೆಯುತ್ತದೆ. ಹಾಗಾಗಿ ಲೋಳೆಯನ್ನೂ ದಾಟುತ್ತದೆ, ಪೊರೆಯನ್ನೂ ಸಡಿಲಿಸುತ್ತದೆ. ಶೇಕಡಾ 10ಕ್ಕಿಂತ ಗಟ್ಟಿಯಾದರೆ ತಡೆಗೋಡೆ ಬಿಡಲು ತೊಡಗುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಇರುವುದು 42.8. ನೀರು ಬೆರೆಸದೆ ಖಾಲಿ ಹೊಟ್ಟೆಗೆ ಸುರಿದರೆ ಮೇಲ್ಪದರದ ಕೋಶಗಳು ಸತ್ತು ಉದುರುತ್ತವೆ. ಒಂದು ಸಲದ್ದಾದರೆ ಜಾರುವ ಕೋಶಗಳು ಬೇಗ ಮುಚ್ಚಿಬಿಡುತ್ತವೆ. ದಿನಾ ಆದರೆ ಮುಚ್ಚಲು ಪುರಸೊತ್ತಿರುವುದಿಲ್ಲ. ರಾತ್ರಿ ಕುಡಿದು, ಬೆಳಿಗ್ಗೆ ತಲೆನೋವಿಗೆಂದು ಆಸ್ಪಿರಿನ್ ಜಾತಿಯ ಮಾತ್ರೆ ನುಂಗುವುದಂತೂ ಸೋಗೆಯನ್ನು ಹರಿದು ಮೇಸ್ತ್ರಿಯನ್ನೂ ಮನೆಗೆ ಕಳಿಸಿದ ಹಾಗೆ.

ಸೋಗೆಯೊಳಗಿನ ಗೆದ್ದಲು

ಬಹಳ ಕಾಲ ಹೊಟ್ಟೆ ಹುಣ್ಣಿಗೆ ಚಿಂತೆ, ಸಿಟ್ಟು, ಖಾರ ಇವೇ ಕಾರಣ ಎಂದು ಡಾಕ್ಟರುಗಳೂ ನಂಬಿದ್ದರು. ಅಂಥ ಆಮ್ಲದಲ್ಲಿ ಯಾವ ಕ್ರಿಮಿ ಬದುಕೀತು? ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಹೊಟ್ಟೆಯ ತುಣುಕುಗಳಲ್ಲಿ ತಿರುಪಿನಂಥ ಬ್ಯಾಕ್ಟೀರಿಯಾ ಕಾಣುತ್ತಿದ್ದರು. ಕಿರಿಯ ಡಾಕ್ಟರ್ ಬ್ಯಾರಿ ಮಾರ್ಷಲ್ ಜೊತೆ ಸೇರಿ ಅದನ್ನು ಬೆಳೆಸಲು ನೋಡಿದರೆ ಬೆಳೆಯಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಎಸೆಯದೆ ಹಾಗೇ ಬಿಟ್ಟು ಹೋದರು. ವಾಪಸು ಬಂದಾಗ ಬೆಳೆದಿತ್ತು. ಅದಕ್ಕೆ ಇನ್ನೂ ಕೆಲವು ದಿನ ಬೇಕಿತ್ತು, ಅಷ್ಟೇ. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ವಾಂತಿ ಮಾಡಿಕೊಂಡು, ತಮ್ಮ ಹೊಟ್ಟೆಯಲ್ಲೇ ಗ್ಯಾಸ್ಟ್ರೈಟಿಸ್ ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಜೀವಿ ಆಮ್ಲದಲ್ಲಿ ಈಜಾಡುತ್ತಾ ಕೂರುವುದಿಲ್ಲ. ತನ್ನ ಸುತ್ತ ಅಮೋನಿಯಾ ತಯಾರಿಸಿಕೊಂಡು ಹುಳಿ ಸಾಯಿಸುತ್ತದೆ. ಹುಳಿ ತಗ್ಗಿದ ಕಡೆ ಲೋಳೆಯ ಗಟ್ಟಿತನವೂ ಸಡಿಲಾಗುತ್ತದೆ, ಆಗ ಕೊರೆದುಕೊಂಡು ಒಳಗೆ ಹೋಗಿ ನೆಲೆ ನಿಲ್ಲುತ್ತದೆ. ಮಳೆ ತಡೆಯಲು ಕಟ್ಟಿದ ಸೋಗೆಯೊಳಗೇ ಗೆದ್ದಲು ಹಿಡಿದ ಹಾಗೆ. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಇದು ಇದೆ. ಹೆಚ್ಚಿನವರಿಗೆ ಜೀವಮಾನದಲ್ಲಿ ಹುಣ್ಣಾಗುವುದಿಲ್ಲ. ಆದರೆ ಇದು ಇರುವವರು ನೋವಿನ ಮಾತ್ರೆಯನ್ನೂ ಬಹಳ ದಿನ ತೆಗೆದುಕೊಂಡರೆ ಹುಣ್ಣಿನ ಸಾಧ್ಯತೆ ಜಾಸ್ತಿ. ಪರೀಕ್ಷೆಯಲ್ಲಿ ಸಿಕ್ಕಿದರೆ ಎರಡು ವಾರದ ಆಂಟಿಬಯೋಟಿಕ್ ಕೋರ್ಸ್ ಕೊಡುತ್ತಾರೆ.

ಹಾಗಾದರೆ ಮೆಣಸಿನಕಾಯಿ?

ಅಟ್ಟಕ್ಕೇರಿದ ಚಟ್ನಿಪುಡಿಗೆ ಬರೋಣ. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್ ಎಂಬ ವಸ್ತುವಿನದು. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಹಿಡಿಯುವ ಒಂದು ಬಾಗಿಲು ಇದೆ. ಕ್ಯಾಪ್ಸೈಸಿನ್ ಬಿಸಿ ಇಲ್ಲದೆಯೇ ಆ ಬಾಗಿಲನ್ನು ತೆರೆಯುತ್ತದೆ. ಮೆದುಳಿಗೆ "ಸುಡುತ್ತಿದೆ" ಎಂದು ಸುದ್ದಿ ಹೋಗುತ್ತದೆ. ಸುಟ್ಟಿರುವುದಿಲ್ಲ. 1997ರಲ್ಲಿ ಈ ಬಾಗಿಲನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಹೊಟ್ಟೆಯ ಗೋಡೆಯಲ್ಲೂ ಇಂಥ ನರಗಳಿವೆ. ಅವು ಕೆರಳಿದಾಗ ಅಲ್ಲಿ ರಕ್ತದ ಹರಿವು ಹೆಚ್ಚುತ್ತದೆ. ಅದು ಗೋಡೆಗೆ ಒಳ್ಳೆಯದೇ. ಊಟದಲ್ಲಿ ತಿನ್ನುವ ಖಾರದಿಂದ ಹುಣ್ಣಾಗುವುದಿಲ್ಲ. ಆದರೆ ಗೋಡೆ ಮೊದಲೇ ತರಚಿದ್ದರೆ, ಅಥವಾ ಆಸಿಡ್ ರಿಫ್ಲಕ್ಸ್ ಇದ್ದರೆ, ಖಾರ ಉರಿಯನ್ನು ಹೆಚ್ಚಿಸುತ್ತದೆ. ಉರಿಯುವವರು ಬಿಡುವುದು ಸರಿಯೇ. ಗಾಯ ಮಾಡಿದ್ದು ಅದೇ ಎಂದು ತಿಳಿದು ನಿಜವಾದ ಕಾರಣವನ್ನು ಬಿಟ್ಟುಬಿಡುವುದು ತೊಂದರೆ. ಖಾರ ಉರಿಯುತ್ತದೆ, ಹಾಗಾಗಿ ಸಿಕ್ಕಿಬೀಳುತ್ತದೆ. ನೋವಿನ ಮಾತ್ರೆ ಎಷ್ಟೋ ಸಲ ಉರಿಯುವುದೇ ಇಲ್ಲ.

ಇಲ್ಲೊಂದು ವಿಚಿತ್ರ ಪ್ರಯೋಗ ನೆನಪಾಗುತ್ತದೆ. ಆಂಡ್ರೆ ರಾಬರ್ಟ್ ಎಂಬ ಸಂಶೋಧಕರು 1980ರ ದಶಕದ ಆರಂಭದಲ್ಲಿ ಇಲಿಗಳಿಗೆ ಮೊದಲು ತೆಳು ಮದ್ಯಸಾರ ಕೊಟ್ಟು, ಆಮೇಲೆ ಅಪ್ಪಟ ಮದ್ಯಸಾರ ಕೊಟ್ಟರು. ನೇರವಾಗಿ ಅಪ್ಪಟದ್ದು ಕುಡಿದ ಇಲಿಗಳಿಗಿಂತ ಇವುಗಳ ಹೊಟ್ಟೆಗೆ ಗಾಯ ಬಹಳ ಕಡಿಮೆಯಾಗಿತ್ತು. ಸಣ್ಣ ಕಿರಿಕಿರಿ ಮೇಸ್ತ್ರಿಯನ್ನು ಎಚ್ಚರಿಸಿತ್ತು. ನೋವಿನ ಮಾತ್ರೆಯ ಜಾತಿಯ ಔಷಧಿ ಮೊದಲೇ ಕೊಟ್ಟಿದ್ದರೆ ಈ ರಕ್ಷಣೆ ಮಾಯ. ಇದನ್ನು ಓದಿ ಯಾರೂ ಮೊದಲ ಪೆಗ್ಗಿಗೆ ಸಮರ್ಥನೆ ಹುಡುಕಬೇಡಿ, ಅವು ಇಲಿಗಳು.

ಇನ್ನು ಕೆಲವು

ಬೀಡಿ, ಸಿಗರೇಟು ಗೋಡೆಯ ರಕ್ತದ ಹರಿವನ್ನೂ ಸೋಡವನ್ನೂ ತಗ್ಗಿಸುತ್ತವೆ. ಆದ ಹುಣ್ಣು ಮಾಯುವುದು ನಿಧಾನವಾಗುತ್ತದೆ. ಕರುಳಿನ ಪಿತ್ತರಸ ಹಿಂದಕ್ಕೆ ಹರಿದು ಹೊಟ್ಟೆಗೆ ಬಂದರೆ, ಕೊಬ್ಬು ಕರಗಿಸುವ ಅದರ ಗುಣ ಗೋಡೆಯ ಲೇಪವನ್ನೂ ಕರಗಿಸುತ್ತದೆ. ಕಬ್ಬಿಣಾಂಶದ ಮಾತ್ರೆ ಕೂಡ ಕೆಲವರ ಒಳಪದರವನ್ನು ಕೆರಳಿಸುತ್ತದೆ. ಇನ್ನು ಚಿಂತೆ. ದಿನನಿತ್ಯದ ತಲೆಬಿಸಿಗೂ, ದೊಡ್ಡ ಸುಟ್ಟಗಾಯವೋ ತಲೆಗೆ ಪೆಟ್ಟೋ ಆಗಿ ಐಸಿಯುನಲ್ಲಿ ಇರುವವರ ದೇಹದ ಒತ್ತಡಕ್ಕೂ ಅಜಗಜಾಂತರ. ಎರಡನೆಯದರಲ್ಲಿ ಹೊಟ್ಟೆಗೆ ರಕ್ತವೇ ಸಾಲದೆ ಹುಣ್ಣಾಗಬಹುದು. ಸುಟ್ಟಗಾಯದವರಲ್ಲಿ ಹೊಟ್ಟೆಯ ಪಕ್ಕದಲ್ಲೇ ಇರುವ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಂಥ ಹುಣ್ಣಾಗುವುದನ್ನು 1842ರಲ್ಲೇ ಥಾಮಸ್ ಕರ್ಲಿಂಗ್ ಎಂಬ ಸರ್ಜನ್ ಬರೆದಿಟ್ಟಿದ್ದರು.

ತಣ್ಣನೆ ಹಾಲು? ಕುಡಿದ ತಕ್ಷಣ ಹಾಯೆನಿಸುತ್ತದೆ. ಆದರೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನ ಮೇಲೆ ಆಮ್ಲವನ್ನು ಮತ್ತೆ ಹೆಚ್ಚಿಸುತ್ತವೆ.

ಗುಣಪಡಿಸುವ ಮಾತ್ರೆಗಳು

ಆಂಟಾಸಿಡ್ ಸಿರಪ್ಪು ಇರುವ ಆಮ್ಲವನ್ನು ಆ ಕ್ಷಣಕ್ಕೆ ಕೊಲ್ಲುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು ಆಮ್ಲ ಹೊರಹಾಕುವ ಪಂಪುಗಳನ್ನೇ ಮುಚ್ಚುತ್ತವೆ. ಊಟ ಬಂದಾಗ ಚಾಲೂ ಆಗುವ ಪಂಪುಗಳನ್ನು ಮಾತ್ರ ಇವು ಹಿಡಿಯಬಲ್ಲವು. ಆದ್ದರಿಂದಲೇ ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಿ ಎನ್ನುತ್ತಾರೆ. ಇವು ಸೋಗೆ ಕಟ್ಟುವುದಿಲ್ಲ, ಮಳೆ ನಿಲ್ಲಿಸುತ್ತವೆ. ಮಳೆ ನಿಂತ ಬಿಡುವಿನಲ್ಲಿ ಗೋಡೆ ತಾನೇ ರಿಪೇರಿಯಾಗುತ್ತದೆ. ಬಹಳ ಕಾಲ ತೆಗೆದುಕೊಂಡು ಒಮ್ಮೆಗೇ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚು ಸುರಿಯುವುದುಂಟು. ಅದನ್ನೇ ಕಾಯಿಲೆ ಎಂದುಕೊಂಡು ಜನ ಮತ್ತೆ ಶುರು ಮಾಡುತ್ತಾರೆ. ಸುಕ್ರಾಲ್ಫೇಟ್ ಹುಣ್ಣಿನ ಮೇಲೆ ಅಂಟಿ ಮುಚ್ಚಳವಾಗುತ್ತದೆ.

ಡಾಕ್ಟರು ನೋವಿನ ಮಾತ್ರೆ ಬರೆಯುವಾಗ ಜೊತೆಗೆ ಪಂಪ್ ಮುಚ್ಚುವ ಮಾತ್ರೆ ಬರೆಯುವುದು ಇದಕ್ಕೇ. 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ರಕ್ತ ತೆಳು ಮಾಡುವ ಔಷಧಿ ಅಥವಾ ಸ್ಟಿರಾಯ್ಡ್ ತೆಗೆದುಕೊಳ್ಳುವವರು ಈ ವಿಷಯವನ್ನು ತಾವಾಗಿಯೇ ಡಾಕ್ಟರಿಗೆ ಹೇಳಬೇಕು.

ತಡ ಮಾಡಬಾರದ ಗುರುತುಗಳು

ಮಲ ಟಾರಿನಂತೆ ಕಪ್ಪಾಗಿ, ಅಂಟಾಗಿ, ಕೆಟ್ಟ ವಾಸನೆ ಬಂದರೆ ಮೇಲೆಲ್ಲೋ ರಕ್ತ ಸೋರುತ್ತಿದೆ ಎಂದು ಅರ್ಥ. ರಕ್ತ ಆಮ್ಲಕ್ಕೆ ಸಿಕ್ಕಿ ಕಪ್ಪಾಗುತ್ತದೆ. ಕಬ್ಬಿಣದ ಮಾತ್ರೆಯೂ ಮಲವನ್ನು ಕಪ್ಪಾಗಿಸುತ್ತದೆ, ಅದನ್ನು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ವಾಂತಿಯಲ್ಲಿ ರಕ್ತ, ಅಥವಾ ಫಿಲ್ಟರಿನಲ್ಲಿ ಉಳಿದ ಕಾಫಿಪುಡಿಯಂಥದ್ದು ಕಂಡರೂ ಹಾಗೆಯೇ. ಹಠಾತ್ತಾಗಿ ತಡೆಯಲಾಗದ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿದರೆ ಗೋಡೆ ತೂತಾಗಿರಬಹುದು. ಇವು ಬೆಳಗಾಗಲಿ ಎಂದು ಕಾಯುವ ವಿಷಯಗಳಲ್ಲ. ಕಾರಣವಿಲ್ಲದ ಸುಸ್ತು, ಏದುಸಿರು, ರಕ್ತಹೀನತೆ ಮೆಲ್ಲಗೆ ಬರುವ ಗುರುತುಗಳು. ಸೋದರತ್ತೆಯದು ಹೀಗೆ ಬಂದದ್ದು.

ಡಾಕ್ಟರು ಕೇಳಿದ ಮೇಲೆ ಅವರ ಮಾತ್ರೆ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದು ನೋಡಿದೆವು. ಎರಡು ಅಂಗಡಿಯಿಂದ ತಂದ ಎರಡು ಸ್ಟ್ರಿಪ್ಪು. ಬಣ್ಣ ಬೇರೆ, ಹೆಸರು ಬೇರೆ. ಬೆಳಿಗ್ಗೆ ಒಂದು, ರಾತ್ರಿ ಇನ್ನೊಂದು, ಮೂರು ತಿಂಗಳು. ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಕನ್ನಡಕ ಹಾಕಿಕೊಂಡು ಓದಿದರೆ ಎರಡರಲ್ಲೂ ಇದ್ದದ್ದು ಒಂದೇ ಔಷಧಿ.

ಚಟ್ನಿಪುಡಿ ಈಗ ಅಟ್ಟದಿಂದ ಇಳಿದಿದೆ. ಮಂಡಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ. ಆ ಎರಡು ಸ್ಟ್ರಿಪ್ಪಿನಷ್ಟು ಹಾಯೆನಿಸುವುದಿಲ್ಲ ಎಂದು ಅತ್ತೆ ಈಗಲೂ ಗೊಣಗುತ್ತಾರೆ.